ಹಿತ್ತಲ ಕೋಳಿಯ ಹಠಾತ್ ಸಾವು: ಕಾರಣವನ್ನು ಎಲ್ಲಿ ಹುಡುಕಬೇಕು

ಸಂಜೆ ಕಾಳು ತಿಂದು ತಾನಾಗಿಯೇ ಗೂಡು ಸೇರಿದ ಹೇಂಟೆ ಬೆಳಗ್ಗೆ ಬಾಗಿಲು ತೆಗೆದಾಗ ಸೆಟೆದು ಬಿದ್ದಿರುತ್ತದೆ. ಮೈಮೇಲೆ ಗಾಯವಿಲ್ಲ, ಹಿಂದಿನ ದಿನ ಕಾಯಿಲೆಯ ಕುರುಹು ಕಂಡಿರಲಿಲ್ಲ, ಉಳಿದ ಕೋಳಿಗಳು ಎಂದಿನಂತೆ ತಿಪ್ಪೆ ಕೆದಕುತ್ತಿವೆ. ಮಂಡ್ಯ, ಮೈಸೂರು ಜಿಲ್ಲೆಗಳಲ್ಲಿ ನಾಟಿ ಕೋಳಿ ಸಾಕಿದ ಮನೆಗಳಿಗೆ ಇದು ಹೊಸ ಅನುಭವವೇನಲ್ಲ. ಇಂಥ ಸಾವಿಗೆ ಯಾರದೋ ದೃಷ್ಟಿ ತಾಗಿತೆಂದೋ, ಪಕ್ಕದ ಮನೆಯವರು ವಿಷವಿಟ್ಟರೆಂದೋ, ಕೊಕ್ಕರೆ ರೋಗವೆಂಬ ಅಂಟುರೋಗ ಬಂತೆಂದೋ ಅಲ್ಲೇ ತೀರ್ಮಾನವಾಗಿಬಿಡುತ್ತದೆ. ದೃಷ್ಟಿಯ ಮಾತಿನಿಂದ ಉಳಿದ ಕೋಳಿಗಳಿಗೆ ಪ್ರಯೋಜನವಿಲ್ಲ. ವಿಷದ ಮಾತಿನಿಂದ ವರ್ಷಗಟ್ಟಲೆ ಮಾತು ಬಿಟ್ಟಿರುವ ನೆರೆಹೊರೆಯವರಿದ್ದಾರೆ. ಕೊಕ್ಕರೆ ರೋಗದ ಮಾತು ಕೆಲವೊಮ್ಮೆ ನಿಜವಾದರೂ, ಒಂದೇ ಕೋಳಿ ಸತ್ತು ಉಳಿದವು ಗಟ್ಟಿಯಾಗಿರುವಾಗ ಅದು ಬಹುಪಾಲು ತಪ್ಪಾಗಿರುತ್ತದೆ. ನಮ್ಮ ಕಡೆಯ ಹಳ್ಳಿಗಳಲ್ಲಿ ಹಿತ್ತಲ ಕೋಳಿಯೆಂದರೆ ಮನೆಯ ಹೆಂಗಸರು ಯಾರನ್ನೂ ಕೇಳದೆ ಖರ್ಚು ಮಾಡಬಹುದಾದ ಹಣ. ಆ ಹಣ ಏಕೆ ಹೋಯಿತೆಂದು ಸರಿಯಾಗಿ ತಿಳಿಯುವ ಹಕ್ಕು ಅವರಿಗಿದೆ, ಮತ್ತು ಬಹಳಷ್ಟು ಸಂದರ್ಭಗಳಲ್ಲಿ ಅದನ್ನು ತಿಳಿಯಲು ಸಾಧ್ಯವೂ ಇದೆ.

ಈ ಗೊಂದಲಕ್ಕೆ ಕೋಳಿಯ ಸ್ವಭಾವವೇ ಮೊದಲ ಕಾರಣ. ಹದ್ದು, ಮುಂಗುಸಿ, ನಾಯಿಗಳ ನಡುವೆ ಬದುಕಬೇಕಾದ ಹಕ್ಕಿ ತನ್ನ ನಿತ್ರಾಣವನ್ನು ಹೊರಗೆ ತೋರಿಸಿಕೊಳ್ಳುವುದಿಲ್ಲ. ಗುಂಪಿನಲ್ಲಿ ಸೊರಗಿದ ಕೋಳಿಯನ್ನು ಉಳಿದವು ಕುಕ್ಕಿ ಮೇವಿನಿಂದ ದೂರ ಅಟ್ಟುವುದರಿಂದ, ಕಾಯಿಲೆ ಬಿದ್ದ ಹೇಂಟೆಯೂ ಕಾಳು ಚೆಲ್ಲಿದಾಗ ಓಡಿಬಂದು ನೆಲ ಕುಕ್ಕಿದಂತೆ ಮಾಡುತ್ತದೆ. ಆದ್ದರಿಂದ ನಮಗೆ ಹಠಾತ್ತಾಗಿ ಕಾಣುವ ಸಾವಿನ ಹಿಂದೆ ಎಷ್ಟೋ ಸಲ ವಾರಗಟ್ಟಲೆ ಒಳಗೇ ಬೆಳೆದ ಕಾರಣವಿರುತ್ತದೆ. ಇದನ್ನು ಪರೀಕ್ಷಿಸಲು ಒಂದು ಸರಳ ವಿಧಾನವಿದೆ. ಕೈಗೆ ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಸತ್ತ ಕೋಳಿಯ ಎದೆಯ ನಡುವಿನ ಮೂಳೆಯನ್ನು ಮುಟ್ಟಿ ನೋಡಬೇಕು. ಮೂಳೆಯ ಎರಡೂ ಬದಿಯಲ್ಲಿ ಮಾಂಸ ತುಂಬಿಕೊಂಡಿದ್ದರೆ ಸಾವು ನಿಜಕ್ಕೂ ಬೇಗ ಬಂದಿದೆ ಎನ್ನಬಹುದು. ಮೂಳೆ ಚೂಪಾಗಿ ಕೈಗೆ ತಗುಲಿದರೆ ಆ ಹೇಂಟೆ ಬಹುಕಾಲದಿಂದ ಸೊರಗುತ್ತಿತ್ತೆಂದೇ ಅರ್ಥ. ಪುಕ್ಕದ ಮರೆಯಲ್ಲಿ ಅದು ಕಂಡಿರುವುದಿಲ್ಲ ಅಷ್ಟೆ. ಹಾಗಿದ್ದಾಗ ಹೊಟ್ಟೆಯ ಜಂತುಹುಳು, ಮಾರೆಕ್ಸ್ ಅಥವಾ ಲ್ಯೂಕೋಸಿಸ್ ಎಂಬ ವೈರಾಣು ರೋಗಗಳಿಂದ ಬೆಳೆಯುವ ಗಡ್ಡೆಗಳು, ಮೊಟ್ಟೆಯ ನಾಳದ ಹಳೆಯ ಸೋಂಕು ಮುಂತಾದ ದೀರ್ಘ ಕಾಯಿಲೆಗಳತ್ತ ಗಮನ ಹರಿಸಬೇಕು.

ರೋಗದ ಹೆಸರು ಹೇಳುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಗಳಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಸಂಖ್ಯೆಯದು. ಸತ್ತದ್ದು ಒಂದೇ ಕೋಳಿಯೋ, ಒಂದೇ ಹೊತ್ತಿಗೆ ಹಲವೋ, ಅಥವಾ ಇಂದು ಒಂದು, ನಾಳೆ ಎರಡು, ನಾಡಿದ್ದು ಐದು ಎಂದು ಏರುತ್ತಾ ಹೋಗುತ್ತಿದೆಯೋ? ಒಂದೇ ಕೋಳಿ ಸತ್ತರೆ ಕಾರಣ ಆ ಕೋಳಿಯ ದೇಹದೊಳಗೇ ಇರುವ ಸಂಭವ ಹೆಚ್ಚು. ಅರ್ಧ ದಿನದೊಳಗೆ ಹಲವು ಕೋಳಿಗಳು ಒಟ್ಟಿಗೆ ಬಿದ್ದರೆ ಅವೆಲ್ಲ ತಿಂದ ಅಥವಾ ಕುಡಿದ ಯಾವುದೋ ವಸ್ತುವನ್ನು, ಇಲ್ಲವೇ ಆ ದಿನದ ಬಿಸಿಲನ್ನು ಅನುಮಾನಿಸಬೇಕು. ದಿನದಿಂದ ದಿನಕ್ಕೆ ಏರುವ ಸಾವು ಸೋಂಕಿನ ಲಕ್ಷಣ. ಇದರೊಂದಿಗೆ ಸತ್ತದ್ದು ಮೊಟ್ಟೆಯಿಡುವ ಹೇಂಟೆಯೋ, ಹುಂಜವೋ, ಮರಿಯೋ ಎಂಬುದನ್ನೂ, ಸತ್ತದ್ದು ಗೂಡಿನಲ್ಲೋ ಬಯಲಲ್ಲೋ ಎಂಬುದನ್ನೂ ಗಮನಿಸಿದರೆ ಕಾರಣಗಳ ದೊಡ್ಡ ಪಟ್ಟಿ ಬಹುಬೇಗ ಚಿಕ್ಕದಾಗುತ್ತದೆ.

ಮೊದಲು ಒಂಟಿ ಹೇಂಟೆಯ ಸಾವನ್ನು ನೋಡೋಣ. ಅಪ್ಪಟ ನಾಟಿ ಹೇಂಟೆ ವರ್ಷಕ್ಕೆ 60ರಿಂದ 80 ಮೊಟ್ಟೆಯಿಟ್ಟು ನಡುವೆ ಕಾವಿಗೆ ಕೂರುತ್ತದೆ. ಫಾರಂಗಳ ಬಿಳಿ ಲೇಯರ್ ಕೋಳಿ ವರ್ಷಕ್ಕೆ 300ಕ್ಕೂ ಹೆಚ್ಚು ಮೊಟ್ಟೆ ಇಡುತ್ತದೆ. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಅಭಿವೃದ್ಧಿಯಾದ ಗಿರಿರಾಜ, ಸ್ವರ್ಣಧಾರ ತಳಿಗಳು ಇವೆರಡರ ನಡುವೆ ಬರುತ್ತವೆ. ಮೊಟ್ಟೆ ಹೆಚ್ಚಿದಷ್ಟೂ ಹೇಂಟೆಯ ಯಕೃತ್ತಿನ ಮೇಲೆ, ಅಂದರೆ ಲಿವರ್‌ನ ಮೇಲೆ ಬೀಳುವ ಹೊರೆಯೂ ಹೆಚ್ಚುತ್ತದೆ, ಏಕೆಂದರೆ ಹಳದಿ ಲೋಳೆಗೆ ಬೇಕಾದ ಕೊಬ್ಬು ತಯಾರಾಗುವುದು ಅಲ್ಲಿಯೇ. ಇಂಥ ಹೇಂಟೆಗೆ ದಿನವಿಡೀ ಅಕ್ಕಿನುಚ್ಚು, ಉಳಿದ ಅನ್ನ, ಮುಸುಕಿನ ಜೋಳವನ್ನೇ ಹೊಟ್ಟೆ ತುಂಬ ಹಾಕಿ, ಓಡಾಡಲು ಜಾಗವಿಲ್ಲದ ಗೂಡಿನಲ್ಲಿಟ್ಟರೆ, ಕೊಬ್ಬು ಮೊಟ್ಟೆಗೆ ಹೋಗುವುದಕ್ಕಿಂತ ಹೆಚ್ಚಾಗಿ ಯಕೃತ್ತಿನಲ್ಲೇ ಉಳಿಯುತ್ತದೆ. ಯಕೃತ್ತು ಹಿಗ್ಗಿ, ಹಳದಿ ಬಣ್ಣಕ್ಕೆ ತಿರುಗಿ, ಬೆರಳಿಂದ ಒತ್ತಿದರೆ ಪುಡಿಯಾಗುವಷ್ಟು ಮೆತ್ತಗಾಗುತ್ತದೆ. ಒಂದು ಬೆಳಗ್ಗೆ ಮೊಟ್ಟೆಯಿಡಲು ತಿಣುಕುವಾಗಲೋ, ಹುಂಜ ಮೆಟ್ಟಿದಾಗಲೋ, ನಾಯಿ ಅಟ್ಟಿಸಿಕೊಂಡು ಬಂದಾಗಲೋ ಅದರ ಹೊರಪದರ ಹರಿದು ರಕ್ತ ಹೊಟ್ಟೆಯೊಳಗೇ ಸುರಿಯುತ್ತದೆ. ಹೇಂಟೆ ನಿಮಿಷಗಳಲ್ಲಿ ಸಾಯುತ್ತದೆ.

ಕೊಬ್ಬಿದ ಯಕೃತ್ತಿನ ರಕ್ತಸ್ರಾವ ಎಂಬ ಈ ತೊಂದರೆ ಹಿತ್ತಲ ಕೋಳಿಗಳಲ್ಲಿ ನಾವು ಊಹಿಸುವುದಕ್ಕಿಂತ ಹೆಚ್ಚು ಸಾಮಾನ್ಯ, ಮತ್ತು ಬಿಸಿಲುಗಾಲದಲ್ಲಿ ಇನ್ನೂ ಹೆಚ್ಚು. ಇದರಿಂದ ಸಾಯುವುದು ಗುಂಪಿನಲ್ಲೇ ಚೆನ್ನಾಗಿ ಮೈತುಂಬಿಕೊಂಡ, ಮನೆಯವರು ಮೆಚ್ಚಿ ಸಾಕಿದ ಹೇಂಟೆ. ದೃಷ್ಟಿಯ ಮಾತು ಹುಟ್ಟಲು ಅದೂ ಒಂದು ಕಾರಣವಿರಬೇಕು. ಹೊರಗಿನ ಗುರುತೆಂದರೆ ಕೆಂಪಗಿರಬೇಕಾದ ಜುಟ್ಟು ಮತ್ತು ಕೊಕ್ಕಿನ ಕೆಳಗಿನ ಜೋಲುಗಳು ರಕ್ತವೇ ಇಲ್ಲದಂತೆ ಬಿಳಿಚಿಕೊಂಡಿರುವುದು. ಹೊಟ್ಟೆ ತೆರೆದರೆ ದಪ್ಪನಾದ ಕೊಬ್ಬಿನ ಪದರವೂ ಹೆಪ್ಪುಗಟ್ಟಿದ ರಕ್ತದ ಗಡ್ಡೆಯೂ ಕಾಣುತ್ತವೆ. ಇದು ಅಂಟುವುದಿಲ್ಲ, ಇದಕ್ಕೆ ಲಸಿಕೆಯಿಲ್ಲ, ಆಂಟಿಬಯೋಟಿಕ್ ಹಾಕಿದರೆ ಹಣ ವ್ಯರ್ಥ. ಕಾಳನ್ನು ಅಳತೆ ಮಾಡಿ ಬೆಳಗ್ಗೆ ಸಂಜೆ ಮಾತ್ರ ಕೊಡುವುದು, ನುಚ್ಚಿನ ಪಾಲು ತಗ್ಗಿಸಿ ಸೊಪ್ಪು, ಹುಳುಹುಪ್ಪಟೆ ಸಿಗುವಂತೆ ಬಯಲಿಗೆ ಬಿಡುವುದು, ಇವೇ ಅದರ ಚಿಕಿತ್ಸೆ. ಮೊಟ್ಟೆ ಫಾರಂಗಳಿಂದ ಅಗ್ಗಕ್ಕೆ ಸಿಗುವ, ಒಂದೂವರೆ ವರ್ಷ ದಾಟಿದ ಲೇಯರ್ ಕೋಳಿಗಳನ್ನು ತಂದು ಹಿತ್ತಲಲ್ಲಿ ಸಾಕುವವರು ಈ ಸಾವನ್ನು ಮೊದಲೇ ನಿರೀಕ್ಷಿಸಿರಬೇಕು.

ಮೊಟ್ಟೆಗೇ ಸಂಬಂಧಿಸಿದ ಇನ್ನೊಂದು ಕಾರಣ ಸುಣ್ಣದ ಕೊರತೆ. ಒಂದು ಮೊಟ್ಟೆಯ ಚಿಪ್ಪಿಗೆ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಬೇಕು, ಮತ್ತು ಆ ಚಿಪ್ಪು ಕಟ್ಟಲು ಹಿಡಿಯುವ ಸುಮಾರು 20 ಗಂಟೆಗಳಲ್ಲಿ ದೊಡ್ಡ ಪಾಲು ಕೋಳಿ ಮೇವಿಲ್ಲದೆ ಮಲಗಿರುವ ರಾತ್ರಿಯಲ್ಲೇ ಬರುತ್ತದೆ. ಆಹಾರದಿಂದ ಬರದಿದ್ದರೆ ಹೇಂಟೆ ತನ್ನ ಮೂಳೆಯಿಂದ ಕ್ಯಾಲ್ಸಿಯಂ ತೆಗೆಯುತ್ತದೆ. ಮೂಳೆಯೂ ಬರಿದಾದ ದಿನ ರಕ್ತದ ಕ್ಯಾಲ್ಸಿಯಂ ಕುಸಿದು, ಕಾಲು ಸೋತು, ಹೃದಯ ನಿಲ್ಲುತ್ತದೆ. ಬೆಳಗ್ಗೆ ಸತ್ತು ಸಿಗುವ ಇಂಥ ಹೇಂಟೆಯ ಹೊಟ್ಟೆಯಲ್ಲಿ ಅರ್ಧ ಚಿಪ್ಪು ಕಟ್ಟಿದ ಮೊಟ್ಟೆ ಇರುತ್ತದೆ. ಹಿಂದಿನ ವಾರಗಳಲ್ಲಿ ತೆಳುಚಿಪ್ಪಿನ ಅಥವಾ ಚಿಪ್ಪಿಲ್ಲದ ಮೊಟ್ಟೆ ಬಿದ್ದಿತ್ತೇ ಎಂದು ನೆನಪಿಸಿಕೊಂಡರೆ ಕಾರಣ ಬಹುತೇಕ ಸ್ಪಷ್ಟವಾಗುತ್ತದೆ. ಪುಡಿಮಾಡಿದ ಕಪ್ಪೆಚಿಪ್ಪು ಅಥವಾ ಗದ್ದೆಯ ಬಸವನಹುಳುವಿನ ಒಣಚಿಪ್ಪನ್ನು ಬೇರೆ ಬಟ್ಟಲಲ್ಲಿಟ್ಟರೆ ಹೇಂಟೆ ತನಗೆ ಬೇಕಾದಷ್ಟು ತಿನ್ನುತ್ತದೆ. ಆದರೆ ಅದನ್ನು ಮರಿಗಳ ಮೇವಿಗೆ ಬೆರೆಸಬಾರದು, ಹೆಚ್ಚಿನ ಕ್ಯಾಲ್ಸಿಯಂ ಬೆಳೆಯುವ ಮರಿಯ ಮೂತ್ರಪಿಂಡವನ್ನು ಕೆಡಿಸುತ್ತದೆ. ಮೊಟ್ಟೆ ನಾಳದಲ್ಲಿ ಸಿಕ್ಕಿಕೊಳ್ಳುವುದು, ಹಳದಿ ಲೋಳೆ ಹೊಟ್ಟೆಯೊಳಗೆ ಜಾರಿ ಕೀವಾಗುವುದು ಕೂಡ ಹೇಂಟೆಯನ್ನು ಕೊಲ್ಲುತ್ತವೆ. ಆದರೆ ಅವುಗಳಲ್ಲಿ ಹೇಂಟೆ ಬಾಲ ತಗ್ಗಿಸಿ, ಹೊಟ್ಟೆ ಜೋಲುಬಿಟ್ಟುಕೊಂಡು, ಕಾಲಗಲಿಸಿ ನಡೆಯುವುದನ್ನು ಎರಡು ಮೂರು ದಿನ ಮೊದಲೇ ಕಾಣಬಹುದು.

ಬಿಸಿಲಿನ ಸಾವು ಬೇರೆ ರೀತಿಯದು. ಕೋಳಿಗೆ ಬೆವರುವ ಗ್ರಂಥಿಗಳಿಲ್ಲ. ಆರೋಗ್ಯವಾಗಿರುವಾಗಲೇ ಅದರ ಮೈಯ ಉಷ್ಣತೆ 41 ಡಿಗ್ರಿ ಸೆಲ್ಸಿಯಸ್ ಆಸುಪಾಸು ಇರುತ್ತದೆ. ಹೆಚ್ಚಾದ ಶಾಖವನ್ನು ಬಾಯ್ತೆರೆದು ಏದುಸಿರು ಬಿಟ್ಟು, ರೆಕ್ಕೆ ಅಗಲಿಸಿಯೇ ಹೊರಹಾಕಬೇಕು. ಏಪ್ರಿಲ್ ತಿಂಗಳಲ್ಲಿ ಮಂಡ್ಯದ ಮಧ್ಯಾಹ್ನ 36, 37 ಡಿಗ್ರಿ ಮುಟ್ಟಿದಾಗ, ಗಾಳಿಯಾಡದ ತಗಡಿನ ಮಾಡಿನ ಗೂಡಿನೊಳಗೆ ಅದಕ್ಕಿಂತ ಎಷ್ಟೋ ಹೆಚ್ಚು ಶಾಖವಿರುತ್ತದೆ. ನಾಟಿ ಕೋಳಿ ಬಯಲಲ್ಲಿದ್ದರೆ ಹೊಂಗೆ ಮರದ ನೆರಳಿಗೆ ಹೋಗಿ ಮಣ್ಣು ಕೆದಕಿ ಮಲಗಿ ತನ್ನನ್ನು ತಾನೇ ಉಳಿಸಿಕೊಳ್ಳುತ್ತದೆ. ಕೂಡಿಹಾಕಿದ ಕೋಳಿ, ಅದರಲ್ಲೂ ಭಾರವಾದ ಗಿರಿರಾಜ ಮತ್ತು ಬ್ರಾಯ್ಲರ್, ಉಳಿಯುವುದಿಲ್ಲ. ಸತ್ತ ಹೊತ್ತು ಮಧ್ಯಾಹ್ನ ಅಥವಾ ಸಂಜೆಯಾಗಿದ್ದು, ಕೊಕ್ಕು ತೆರೆದು ರೆಕ್ಕೆ ಚಾಚಿದ್ದು, ನೀರಿನ ಬಟ್ಟಲು ಒಣಗಿದ್ದರೆ ಬೇರೆ ರೋಗ ಹುಡುಕುವ ಅಗತ್ಯ ಕಡಿಮೆ. ಉಸಿರಿರುವ ಕೋಳಿಯನ್ನು ನೆರಳಿಗೆ ತಂದು ಕಾಲುಗಳನ್ನು ಸಾಧಾರಣ ತಣ್ಣೀರಿನಲ್ಲಿಡಬೇಕು. ಬೇಸಿಗೆಯಲ್ಲಿ ನಡುಮಧ್ಯಾಹ್ನ ಕಾಳು ಹಾಕದಿರುವುದೂ ಒಳ್ಳೆಯದು, ಏಕೆಂದರೆ ಜೀರ್ಣವಾಗುವ ಕಾಳು ಮೈಯ ಶಾಖವನ್ನು ಇನ್ನಷ್ಟು ಏರಿಸುತ್ತದೆ.

ಹಲವು ಕೋಳಿಗಳು ಸಾಯತೊಡಗಿದಾಗ

ಸಾವು ದಿನೇದಿನೇ ಏರುತ್ತಿದ್ದರೆ ನಮ್ಮ ಕಡೆ ಮೊದಲು ಅನುಮಾನಿಸಬೇಕಾದದ್ದು ಕೊಕ್ಕರೆ ರೋಗವನ್ನೇ. ಈ ವೈರಾಣು ರೋಗವನ್ನು 1926ರಲ್ಲಿ ಜಾವಾದಲ್ಲಿಯೂ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿಯೂ ಗುರುತಿಸಲಾಯಿತು. ಭಾರತದಲ್ಲಿ ಕುಮಾವೂಂ ಬೆಟ್ಟಗಳ ರಾಣಿಖೇತ್ ಊರಿನಲ್ಲಿ ಕಂಡದ್ದರಿಂದ ಇಲ್ಲಿ ಅದಕ್ಕೆ ರಾಣಿಖೇತ್ ರೋಗವೆಂಬ ಹೆಸರೂ ಉಳಿದಿದೆ. ಹಸಿರು ಬಣ್ಣದ ನೀರಾದ ಹಿಕ್ಕೆ, ಗೊರಗೊರ ಉಸಿರು, ಬದುಕುಳಿದವುಗಳಲ್ಲಿ ಕತ್ತು ತಿರುಚಿಕೊಳ್ಳುವುದು ಮತ್ತು ಕಾಲು ರೆಕ್ಕೆ ಸ್ವಾಧೀನ ತಪ್ಪುವುದು ಇದರ ಲಕ್ಷಣಗಳೆಂದು ಸಾಕುವವರಿಗೆಲ್ಲ ಗೊತ್ತು. ಆದರೆ ತೀವ್ರವಾದ ತಳಿಯ ವೈರಾಣು ಹೊಕ್ಕಾಗ ಮೊದಲ ಒಂದೆರಡು ಕೋಳಿಗಳು ಈ ಯಾವ ಲಕ್ಷಣವನ್ನೂ ತೋರದೆ ಸಾಯಬಹುದು. ಸೋಂಕು ತಗುಲಿದ ಎರಡರಿಂದ ಹದಿನೈದು ದಿನಗಳೊಳಗೆ, ಸಾಮಾನ್ಯವಾಗಿ ಐದಾರು ದಿನಗಳಲ್ಲಿ, ರೋಗ ಹೊರಬೀಳುತ್ತದೆ. ಲಸಿಕೆಯಿಲ್ಲದ ಗುಂಪಿನಲ್ಲಿ ಒಂದು ಕೋಳಿಯೂ ಉಳಿಯದೆ ಹೋಗುವುದುಂಟು.

ಈ ರೋಗ ಕೋಳಿಗಳ ಓಡಾಟದ ಜೊತೆಗೇ ಸಾಗುತ್ತದೆ, ಮತ್ತು ನಮ್ಮಲ್ಲಿ ಕೋಳಿಗಳ ಓಡಾಟಕ್ಕೆ ಒಂದು ಪಂಚಾಂಗವೇ ಇದೆ. ಯುಗಾದಿಯ ಮರುದಿನದ ಹೊಸತೊಡಕಿಗೆ, ಅದರ ಹಿಂದುಮುಂದಿನ ಮಾರಿಹಬ್ಬಗಳಿಗೆ ನಾಟಿ ಕೋಳಿಗೆ ಬರುವ ಬೇಡಿಕೆ ವರ್ಷದ ಬೇರೆ ದಿನಗಳಲ್ಲಿ ಇರುವುದಿಲ್ಲ. ಆ ವಾರಗಳಲ್ಲಿ ಹತ್ತಾರು ಊರುಗಳ ಕೋಳಿಗಳು ಒಂದೇ ಸಂತೆಯಲ್ಲಿ, ಒಂದೇ ಮಂಕರಿಯಲ್ಲಿ ಒಟ್ಟಾಗುತ್ತವೆ. ಬಾಡೂಟಕ್ಕೆಂದು ತಂದ ಹುಂಜವನ್ನು ಹಬ್ಬದವರೆಗೆ ಮನೆಯ ಕೋಳಿಗಳ ಜೊತೆ ಕಟ್ಟಿಹಾಕುವುದು, ಸಂತೆಯಲ್ಲಿ ಮಾರಾಟವಾಗದ ಕೋಳಿಯನ್ನು ವಾಪಸು ತಂದು ಅದೇ ಗೂಡಿಗೆ ಬಿಡುವುದು, ಕೊಯ್ದ ಕೋಳಿಯ ಪುಕ್ಕ ಕರುಳನ್ನು ತಿಪ್ಪೆಗೆ ಎಸೆಯುವುದು, ಇವು ವೈರಾಣುವಿಗೆ ಬಾಗಿಲು ತೆರೆದುಕೊಡುತ್ತವೆ. ಇದು ಬಿಸಿಲು ಏರುವ ಕಾಲವೂ ಹೌದಾದ್ದರಿಂದ ಸಾವನ್ನು ಜನ ಸುಲಭವಾಗಿ ಸೆಕೆಯ ತಲೆಗೆ ಕಟ್ಟುತ್ತಾರೆ. ನನ್ನ ತಿಳುವಳಿಕೆಯಲ್ಲಿ ಹಿತ್ತಲ ಕೋಳಿ ಸಾಕುವವರು ಮಾಡಬಹುದಾದ ಅತಿ ದೊಡ್ಡ ಉಪಕಾರವೆಂದರೆ ಹೊರಗಿನಿಂದ ಬಂದ ಯಾವ ಕೋಳಿಯನ್ನೂ ಮೂರು ವಾರ ಮನೆಯ ಕೋಳಿಗಳೊಂದಿಗೆ ಬೆರೆಸದಿರುವುದು.

ಕೋಳಿ ಕಾಲರಾ ಇದಕ್ಕಿಂತ ಕಡಿಮೆ ಪರಿಚಿತ. 1880ರ ಸುಮಾರಿಗೆ ಲೂಯಿ ಪಾಶ್ಚರ್ ಈ ರೋಗದ ಬ್ಯಾಕ್ಟೀರಿಯಾವನ್ನು ದುರ್ಬಲಗೊಳಿಸಿ ಕೋಳಿಗಳಿಗೆ ಚುಚ್ಚಿದ ಪ್ರಯೋಗದಿಂದಲೇ ಲಸಿಕೆಯ ವಿಜ್ಞಾನ ದೊಡ್ಡ ಹೆಜ್ಜೆ ಇಟ್ಟಿತು. ಮನುಷ್ಯರ ಕಾಲರಾಕ್ಕೂ ಇದಕ್ಕೂ ಸಂಬಂಧವಿಲ್ಲ. ಬೆಳೆದ, ಆರೋಗ್ಯವಂತ ಕೋಳಿಗಳನ್ನೇ ಇದು ಹೆಚ್ಚಾಗಿ ಹಿಡಿಯುತ್ತದೆ, ಮತ್ತು ತೀವ್ರ ರೂಪದಲ್ಲಿ ಸತ್ತ ಕೋಳಿಯೇ ಮೊದಲ ಲಕ್ಷಣವಾಗಿರುತ್ತದೆ. ಜುಟ್ಟು ಕಪ್ಪುನೀಲಿಗೆ ತಿರುಗಿರಬಹುದು, ಜೋಲುಗಳು ಊದಿರಬಹುದು. ತೆರೆದಾಗ ಯಕೃತ್ತಿನ ಮೇಲೆ ಸೂಜಿಮೊನೆಯಷ್ಟು ಬಿಳಿ ಚುಕ್ಕೆಗಳೂ ಹೃದಯದ ಕೊಬ್ಬಿನ ಮೇಲೆ ಕೆಂಪು ಚುಕ್ಕೆಗಳೂ ಕಾಣುತ್ತವೆ. ಇಲಿಗಳೂ ಬೆಕ್ಕುಗಳೂ ಈ ಬ್ಯಾಕ್ಟೀರಿಯಾವನ್ನು ಹೊತ್ತು ತರುತ್ತವೆ. ಇದು ಬ್ಯಾಕ್ಟೀರಿಯಾ ಆದ್ದರಿಂದ ವೈದ್ಯರು ಬೇಗ ಗುರುತಿಸಿದರೆ ಆಂಟಿಬಯೋಟಿಕ್‌ನಿಂದ ಉಳಿದ ಕೋಳಿಗಳನ್ನು ರಕ್ಷಿಸಬಹುದು. ಕೊಕ್ಕರೆ ರೋಗದಲ್ಲಿ ಆ ಅವಕಾಶವಿಲ್ಲ. ಎರಡರ ನಡುವಿನ ವ್ಯತ್ಯಾಸ ತಿಳಿಯುವುದು ಪಾಂಡಿತ್ಯದ ವಿಷಯವಲ್ಲ, ಉಳಿದ ಕೋಳಿಗಳ ಪ್ರಾಣದ ವಿಷಯ.

ಹಕ್ಕಿ ಜ್ವರದ ಹೆಸರು ಕೇಳಿದೊಡನೆ ಊರೇ ಗಾಬರಿಯಾಗುತ್ತದೆ. ಅದು ನಮಗೆ ದೂರದ ಸುದ್ದಿಯೂ ಅಲ್ಲ: ಮಾರ್ಚ್ 2020ರಲ್ಲಿ ಮೈಸೂರಿನ ಕುಂಬಾರಕೊಪ್ಪಲಿನಲ್ಲಿ ಅದು ದೃಢಪಟ್ಟು, ಸುತ್ತಲಿನ ಸಾಕುಹಕ್ಕಿಗಳನ್ನು ಕೊಲ್ಲಬೇಕಾಯಿತು. ದೃಢೀಕರಣ ಬರುವುದು ಭೋಪಾಲದ ರಾಷ್ಟ್ರೀಯ ಪ್ರಯೋಗಾಲಯದಿಂದ. ಒಂದೆರಡು ದಿನಗಳೊಳಗೆ ಗುಂಪಿನ ಬಹುಪಾಲು ಕೋಳಿಗಳು ಸಾಯುವುದು, ಜುಟ್ಟು ಮತ್ತು ಮುಖ ಊದಿ ನೇರಳೆಯಾಗುವುದು, ಪುಕ್ಕವಿಲ್ಲದ ಕಾಲಿನ ಮೇಲೆ ರಕ್ತ ಒಸರಿದ ಕಲೆಗಳು, ಹತ್ತಿರದಲ್ಲೇ ಕಾಗೆ ಅಥವಾ ನೀರುಹಕ್ಕಿಗಳ ಸಾವು, ಇವು ಒಟ್ಟಿಗೆ ಕಂಡರೆ ಕೋಳಿಗಳನ್ನು ಮುಟ್ಟದೆ ಪಶುಪಾಲನಾ ಇಲಾಖೆಗೆ ತಿಳಿಸಬೇಕು. ಕೊಕ್ಕರೆ ರೋಗವೂ ಹಕ್ಕಿ ಜ್ವರವೂ ಹೊರನೋಟಕ್ಕೆ ಒಂದನ್ನೊಂದು ಹೋಲುವುದರಿಂದ ಈ ಎಚ್ಚರಿಕೆ ಅನಿವಾರ್ಯ. ಆದರೆ ಸತ್ತ ಹಕ್ಕಿಯೆಂದರೆಲ್ಲ ಹಕ್ಕಿ ಜ್ವರವಲ್ಲ ಎಂಬುದಕ್ಕೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲೇ ಉದಾಹರಣೆಯಿದೆ. 2017ರ ಕೊನೆ ಮತ್ತು 2018ರ ಆರಂಭದ ತಿಂಗಳುಗಳಲ್ಲಿ ಅಲ್ಲಿನ ಹೆಜ್ಜಾರ್ಲೆ (ಪೆಲಿಕನ್) ಹಕ್ಕಿಗಳು ಒಂದರ ಹಿಂದೊಂದು ಸತ್ತಾಗ ಎಲ್ಲರ ಮೊದಲ ಭಯ ಹಕ್ಕಿ ಜ್ವರದ್ದೇ ಆಗಿತ್ತು. ಪರೀಕ್ಷೆಯಲ್ಲಿ ಕಂಡದ್ದು ದೇಹದೊಳಗೆ ತುಂಬಿಕೊಂಡಿದ್ದ ದುಂಡುಹುಳುಗಳ ಬಾಧೆ. ದೇಹವನ್ನು ತೆರೆದು ನೋಡದೆ ಯಾರಿಗೂ ಅದು ತಿಳಿಯುತ್ತಿರಲಿಲ್ಲ.

ಗದ್ದೆಯಿಂದ, ತಿಪ್ಪೆಯಿಂದ ಬರುವ ವಿಷ

ವಿಷದ ಅನುಮಾನ ಎಲ್ಲ ಸಲವೂ ಆಧಾರರಹಿತವಲ್ಲ, ಆದರೆ ವಿಷವನ್ನು ಯಾರೋ ದ್ವೇಷದಿಂದ ಇಟ್ಟರೆಂಬ ಭಾವನೆ ಬಹಳ ಸಲ ತಪ್ಪು. ವಿಶ್ವೇಶ್ವರಯ್ಯ ನಾಲೆಯ ನೀರುಣ್ಣುವ ಊರುಗಳಲ್ಲಿ ಮನೆಯ ಹಿತ್ತಲು ಮುಗಿಯುವಲ್ಲಿ ಕಬ್ಬಿನ ಅಥವಾ ಭತ್ತದ ಗದ್ದೆ ಶುರುವಾಗುತ್ತದೆ. ಕಾಂಡಕೊರಕಕ್ಕೂ ಬೇರುಹುಳುವಿಗೂ ಹಾಕುವ ಹರಳುರೂಪದ ಕೀಟನಾಶಕಗಳು ಕೋಳಿಯ ಕಣ್ಣಿಗೆ ಕಾಳಿನಂತೆ ಅಥವಾ ಅದು ಕಾಳು ಅರೆಯಲು ನುಂಗುವ ಸಣ್ಣ ಕಲ್ಲಿನಂತೆ ಕಾಣುತ್ತವೆ. ಇವುಗಳಲ್ಲಿ ಹೆಸರಾದ ಫೋರೇಟ್ ಅನ್ನು 2018ರ ಆದೇಶದ ಪ್ರಕಾರ 2020ರ ಡಿಸೆಂಬರ್ 31ರಿಂದ ದೇಶದಲ್ಲಿ ನಿಷೇಧಿಸಲಾಗಿದೆ. ಹಳೆಯ ದಾಸ್ತಾನು ಕೊಟ್ಟಿಗೆಯ ಅಟ್ಟದಲ್ಲಿದ್ದರೆ ಅದು ಈಗಲೂ ಅಷ್ಟೇ ಅಪಾಯಕಾರಿ. ಬಿತ್ತಿ ಉಳಿದ, ಔಷಧಿ ಲೇಪಿಸಿ ಗುಲಾಬಿ ಬಣ್ಣ ಹಚ್ಚಿದ ಮುಸುಕಿನ ಜೋಳದ ಬೀಜವನ್ನು ದಂಡವಾಗಬಾರದೆಂದು ಕೋಳಿಗೆ ಹಾಕುವುದೂ ಇದೇ ಸಾಲಿಗೆ ಸೇರುತ್ತದೆ. ತೊಳೆದ ಮಾತ್ರಕ್ಕೆ ಅದು ಮೇವಾಗುವುದಿಲ್ಲ.

ಇಂಥ ವಿಷ ನರಗಳನ್ನು ಹಿಡಿಯುತ್ತದೆ. ಜೊಲ್ಲು ಸುರಿದು, ತಡವರಿಸಿ, ನಡುಗಿ, ಕೋಳಿ ಅರ್ಧ ಗಂಟೆಯಿಂದ ಕೆಲವು ಗಂಟೆಗಳೊಳಗೆ ಸಾಯುತ್ತದೆ. ಆದ್ದರಿಂದ ವಿಷ ತಿಂದು ಸತ್ತ ಕೋಳಿಯ ಮೈ ತುಂಬಿಕೊಂಡಿರುತ್ತದೆ, ಕತ್ತಿನ ಬುಡದಲ್ಲಿರುವ ಮೇವಿನ ಚೀಲವೂ ತುಂಬಿರುತ್ತದೆ; ಕಾಯಿಲೆಯಿಂದ ಸತ್ತ ಕೋಳಿಯಲ್ಲಿ ಆ ಚೀಲ ಸಾಮಾನ್ಯವಾಗಿ ಬರಿದಾಗಿರುತ್ತದೆ. ಇದು ನೆನಪಿಡಬೇಕಾದ ವ್ಯತ್ಯಾಸ. ಇಲಿಗೆ ಇಡುವ ಜಿಂಕ್ ಫಾಸ್ಫೈಡ್ ಹೊಟ್ಟೆಯ ಆಮ್ಲದೊಂದಿಗೆ ಸೇರಿ ಫಾಸ್ಫೀನ್ ಎಂಬ ವಿಷಾನಿಲವಾಗುತ್ತದೆ. ಸತ್ತ ಕೋಳಿಯನ್ನು ಮನೆಯೊಳಗೆ ಕೊಯ್ದು ನೋಡಬಾರದೆಂಬುದಕ್ಕೆ ಇದೊಂದು ಬಲವಾದ ಕಾರಣ. ಇನ್ನೊಂದು ಮಾತು: ಸತ್ತು ಅರ್ಧ ದಿನ ಕಳೆದ ಕೋಳಿಯ ಹೊಟ್ಟೆಯ ಚರ್ಮ ಹಸಿರಾಗುವುದನ್ನು ವಿಷದ ಗುರುತೆಂದು ಅನೇಕರು ನಂಬುತ್ತಾರೆ. ಅದು ಕೊಳೆಯುವಿಕೆಯ ಸಹಜ ಬಣ್ಣ, ಬೇಸಿಗೆಯಲ್ಲಿ ಇನ್ನೂ ಬೇಗ ಬರುತ್ತದೆ. ಆ ಬಣ್ಣವನ್ನು ಸಾಕ್ಷಿಯಾಗಿಟ್ಟುಕೊಂಡು ನೆರೆಯವರ ಮೇಲೆ ಆರೋಪ ಹೊರಿಸುವುದು ಅನ್ಯಾಯ.

ತಿಪ್ಪೆಯಲ್ಲಿ ಹುಟ್ಟುವ ವಿಷ ಇನ್ನೊಂದಿದೆ, ಅದನ್ನು ನಾವೇ ಬೆಳೆಸುತ್ತೇವೆ. ಸತ್ತ ಕೋಳಿ, ಇಲಿ ಅಥವಾ ಮಾಂಸದ ತ್ಯಾಜ್ಯ ಗಾಳಿ ತಾಗದೆ ಕೊಳೆತಾಗ ಅದರಲ್ಲಿ ಬಾಟ್ಯುಲಿಸಂ ಉಂಟುಮಾಡುವ ಬ್ಯಾಕ್ಟೀರಿಯಾ ಬೆಳೆದು ವಿಷ ಕಾರುತ್ತದೆ. ಆ ಶವದಲ್ಲಿ ಹುಟ್ಟಿದ ಹುಳುಗಳಿಗೆ ಏನೂ ಆಗುವುದಿಲ್ಲ, ಆದರೆ ಅವು ವಿಷವನ್ನು ಮೈಯಲ್ಲಿ ತುಂಬಿಕೊಂಡಿರುತ್ತವೆ. ಆ ಹುಳುಗಳನ್ನು ಆಸೆಯಿಂದ ತಿಂದ ಕೋಳಿಯ ಕಾಲು ಮೊದಲು, ರೆಕ್ಕೆ ಆಮೇಲೆ, ಕೊನೆಗೆ ಕತ್ತು ಸೋತು ನೆಲಕ್ಕೆ ಒರಗುತ್ತದೆ. ಕೊಕ್ಕರೆ ರೋಗದಲ್ಲಿ ಕತ್ತು ತಿರುಚಿಕೊಳ್ಳುತ್ತದೆ, ಇದರಲ್ಲಿ ಹತ್ತಿಯ ಬತ್ತಿಯಂತೆ ಸಡಿಲವಾಗಿ ಬೀಳುತ್ತದೆ. ಒಂದು ಕೋಳಿಯ ಶವವನ್ನು ತಿಪ್ಪೆಗೆ ಎಸೆದ ಮನೆಯಲ್ಲಿ ವಾರದ ನಂತರ ನಾಲ್ಕು ಕೋಳಿ ಸಾಯಲು ಇಷ್ಟೇ ಸಾಕು.

ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿ ಮತ್ತು ಮುಸುಕಿನ ಜೋಳದಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷವಿರುತ್ತದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಕಡಲೆಕಾಯಿ ಹಿಂಡಿಯ ಮೇವು ತಿಂದು ಸತ್ತ ಮೇಲೆಯೇ ಜಗತ್ತಿಗೆ ಅದರ ಪರಿಚಯವಾಯಿತು. ನಮ್ಮ ಕೋಳಿಗಳು ಅದನ್ನು ಸ್ವಲ್ಪ ಹೆಚ್ಚು ತಾಳಿಕೊಳ್ಳುತ್ತವೆ, ಆದರೆ ಯಕೃತ್ತು ನಿಧಾನವಾಗಿ ಕೆಡುತ್ತದೆ. ಉಪ್ಪೂ ವಿಷವೇ: ಉಪ್ಪಿನಕಾಯಿಯ ರಸ, ಒಣಮೀನಿನ ಚೂರು, ಹಪ್ಪಳದ ಪುಡಿಯನ್ನು ನೀರಿನ ಕೊರತೆಯಿರುವ ಮರಿಗಳಿಗೆ ಹಾಕಿದರೆ ಅವು ಬೇಗನೆ ಸಾಯುತ್ತವೆ.

ಹಾವು ಕಚ್ಚಿ ಸಾಯುವುದು ನಾವು ಅಂದುಕೊಂಡಷ್ಟು ಅಪರೂಪವಲ್ಲ. ಕಬ್ಬಿನ ಗದ್ದೆಯ ಅಂಚಿನ ಮನೆಗಳಿಗೆ ನಾಗರಹಾವೂ ಕೊಳಕುಮಂಡಲವೂ ಇಲಿಯನ್ನು ಹುಡುಕಿಕೊಂಡು ಬರುತ್ತವೆ. ಕಾವಿಗೆ ಕೂತ ಹೇಂಟೆ ಎದ್ದು ಓಡದೆ ಎದುರಿಸಲು ಹೋಗಿ ಮುಖದ ಮೇಲೋ ಕಾಲಿನ ಮೇಲೋ ಕಡಿಸಿಕೊಳ್ಳುತ್ತದೆ. ಪುಕ್ಕ ಸರಿಸಿ ನೋಡಿದರೆ ಊದಿ ಕಪ್ಪಾದ ಜಾಗ ಸಿಗಬಹುದು. ಮೊಟ್ಟೆಗಳೂ ಕಾಣೆಯಾಗಿದ್ದರೆ ಅನುಮಾನ ಬಲವಾಗುತ್ತದೆ.

ಮರಿಗಳ ಸಾವಿನ ಲೆಕ್ಕವೇ ಬೇರೆ. ಮೊದಲ ವಾರ ಅವುಗಳಿಗೆ 32ರಿಂದ 35 ಡಿಗ್ರಿ ಬಿಸುಪು ಬೇಕು, ಇಲ್ಲದಿದ್ದರೆ ಒಂದರ ಮೇಲೊಂದು ಗುಡ್ಡೆಬಿದ್ದು ಅಡಿಯವು ಉಸಿರುಗಟ್ಟಿ ಸಾಯುತ್ತವೆ. ಬೀದಿಯಲ್ಲಿ ಬಣ್ಣ ಹಚ್ಚಿ ಮಾರುವ ಮರಿಗಳು ಲಸಿಕೆಯನ್ನೂ ಬಿಸುಪನ್ನೂ ಕಾಣದೆ ಬಂದಿರುವುದರಿಂದ ಅವುಗಳಲ್ಲಿ ಬದುಕುವವು ಕಡಿಮೆ. ಮೂರರಿಂದ ಆರು ವಾರದ ಮರಿಗಳು ಮಳೆಗಾಲದಲ್ಲಿ ಸತ್ತರೆ ಹಿಕ್ಕೆಯಲ್ಲಿ ರಕ್ತವಿದೆಯೇ ಎಂದು ನೋಡಬೇಕು. ಒದ್ದೆ ನೆಲದಲ್ಲಿ ಹರಡುವ ಕಾಕ್ಸಿಡಿಯೋಸಿಸ್ ಎಂಬ ರಕ್ತಭೇದಿ ಅದೇ ವಯಸ್ಸಿನ ರೋಗ, ಬೇಗ ಗುರುತಿಸಿದರೆ ಅದಕ್ಕೆ ಔಷಧಿಯಿದೆ.

ಶವವೇ ಸಾಕ್ಷಿ

ಇಷ್ಟೆಲ್ಲ ಸಾಧ್ಯತೆಗಳ ನಡುವೆ ಹೊರನೋಟದಿಂದ ಮಾಡುವ ಊಹೆ ಒಂದು ಹಂತದವರೆಗೆ ಮಾತ್ರ ಒಯ್ಯುತ್ತದೆ. ಅಲ್ಲಿಂದ ಮುಂದೆ ಶವಪರೀಕ್ಷೆಯೇ ಬೇಕು. ಹಾಗಿದ್ದೂ ಸತ್ತ ಕೋಳಿಯನ್ನು ಬೆಳಗಾಗುವಷ್ಟರಲ್ಲಿ ನಾಲೆಗೆಸೆದು, ವಾರದ ನಂತರ ಹತ್ತು ಕೋಳಿ ಸತ್ತಾಗ ಪಶುವೈದ್ಯರ ಬಳಿಗೆ ಬರಿಗೈಯಲ್ಲಿ ಹೋಗಿ ಔಷಧಿ ಕೇಳುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ಮೊದಲು ಸತ್ತ ಕೋಳಿಯನ್ನು ಎರಡು ಪದರದ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಐಸ್ ತುಂಡುಗಳ ನಡುವೆ ಇಟ್ಟು, ಸಾಧ್ಯವಾದಷ್ಟು ಅದೇ ದಿನ ತಾಲ್ಲೂಕಿನ ಪಶು ಆಸ್ಪತ್ರೆಗೆ ಒಯ್ದರೆ, ವೈದ್ಯರು ಅರ್ಧ ಗಂಟೆಯಲ್ಲಿ ಎಷ್ಟೋ ಸಾಧ್ಯತೆಗಳನ್ನು ತಳ್ಳಿಹಾಕಬಲ್ಲರು. ಶವವನ್ನು ಫ್ರೀಜರ್‌ನಲ್ಲಿ ಗಡ್ಡೆಗಟ್ಟಿಸಬಾರದು, ಕೋಶಗಳು ಒಡೆದು ಪರೀಕ್ಷೆ ಕೆಡುತ್ತದೆ. ಅಡುಗೆಮನೆಯ ಫ್ರಿಜ್‌ನಲ್ಲಿ ಇಡುವ ಮಾತಂತೂ ಬೇಡ. ಹಲವು ಕೋಳಿಗಳು ಒಟ್ಟಿಗೆ ಸತ್ತಿದ್ದರೆ ಶವವನ್ನು ಬಸ್ಸಿನಲ್ಲಿ ಹೊತ್ತುಕೊಂಡು ಹೋಗುವ ಬದಲು ಇಲಾಖೆಯ 1962 ಸಹಾಯವಾಣಿಗೆ ಅಥವಾ ಹತ್ತಿರದ ಆಸ್ಪತ್ರೆಗೆ ಫೋನ್ ಮಾಡಿ ಅವರು ಹೇಳಿದಂತೆ ನಡೆಯಬೇಕು. ಹೆಚ್ಚಿನ ಪರೀಕ್ಷೆ ಬೇಕಾದರೆ ಮಾದರಿಗಳು ಹೆಬ್ಬಾಳದ ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆಗೆ ಹೋಗುತ್ತವೆ.

ವೈದ್ಯರಿಗೆ ಶವದಷ್ಟೇ ಉಪಯುಕ್ತವಾದದ್ದು ಸಾಕುವವರ ನೆನಪು: ಕೊನೆಯ ಮೊಟ್ಟೆ ಯಾವಾಗ ಇಟ್ಟಿತು, ಹಿಕ್ಕೆ ಯಾವ ಬಣ್ಣದಲ್ಲಿತ್ತು, ಹದಿನೈದು ದಿನಗಳಲ್ಲಿ ಹೊಸ ಕೋಳಿ ಬಂದಿತೇ, ಮೇವಿನ ಮೂಟೆ ಬದಲಾಯಿತೇ, ಪಕ್ಕದ ಗದ್ದೆಗೆ ಔಷಧಿ ಹೊಡೆದರೇ, ಲಸಿಕೆ ಎಂದು ಹಾಕಿಸಿದ್ದು. ಈ ಉತ್ತರಗಳನ್ನು ಸಾಮಾನ್ಯವಾಗಿ ಬಲ್ಲವರು ದಿನಾ ಕೋಳಿಗೆ ಕಾಳು ಹಾಕುವ ಅಜ್ಜಿ ಅಥವಾ ಅಮ್ಮ. ಶವವನ್ನು ಆಸ್ಪತ್ರೆಗೆ ಒಯ್ಯುವವರು ಮನೆಯ ಗಂಡಸರು. ಆದ್ದರಿಂದ ಹೊರಡುವ ಮುನ್ನ ಅವರನ್ನು ಕೇಳಿ ಬರೆದುಕೊಂಡು ಹೋಗುವುದು ಒಳ್ಳೆಯದು.

ತಾನಾಗಿ ಸತ್ತ ಕೋಳಿಯನ್ನು, ಎಷ್ಟೇ ಮೈತುಂಬಿಕೊಂಡಿದ್ದರೂ, ತಿನ್ನಬಾರದು. ಚೆನ್ನಾಗಿ ಬೇಯಿಸಿದರೆ ವೈರಾಣು ಸಾಯುತ್ತದೆಂಬುದು ನಿಜ, ಆದರೆ ಕೀಟನಾಶಕ ಬೇಯಿಸಿದರೆ ಹೋಗುವುದಿಲ್ಲ, ಮತ್ತು ಪುಕ್ಕ ಕೀಳುವ, ಕೊಯ್ಯುವ ಕೈಗಳಿಗೆ ಸೋಂಕು ತಗಲುವುದು ಬೇಯುವ ಮೊದಲೇ. ಶವವನ್ನು ಬಾವಿ, ನಾಲೆಗಳಿಂದ ದೂರ, ನಾಯಿ ಕೆದಕಲಾಗದಷ್ಟು ಆಳದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಬೇಕು. ಗೂಡಿನ ಹಳೆಯ ಗೊಬ್ಬರ ತೆಗೆದು, ತೊಳೆದು, ಬಿಸಿಲಿಗೆ ಬಿಟ್ಟು, ಸುಣ್ಣ ಬಳಿಯಬೇಕು.

ಕೊನೆಯದಾಗಿ ಲಸಿಕೆಯ ವಿಷಯ. ಕೊಕ್ಕರೆ ರೋಗಕ್ಕೆ ಮರಿ ಐದರಿಂದ ಏಳು ದಿನದ್ದಿರುವಾಗ ಲಸೋಟ ಅಥವಾ ಎಫ್ ತಳಿಯ ಹನಿಯನ್ನು ಕಣ್ಣಿಗೋ ಮೂಗಿಗೋ ಹಾಕುತ್ತಾರೆ, ಸುಮಾರು ನಾಲ್ಕನೆಯ ವಾರದಲ್ಲಿ ಲಸೋಟವನ್ನು ಮತ್ತೆ ಕೊಡುತ್ತಾರೆ, ಎಂಟನೆಯ ವಾರದ ಹೊತ್ತಿಗೆ ಆರ್‌ಟುಬಿ ಚುಚ್ಚುಮದ್ದು ಹಾಕುತ್ತಾರೆ. ಆರ್‌ಟುಬಿ ಗಟ್ಟಿಯಾದ ಲಸಿಕೆ. ಎಳೆಯ ಮರಿಗೆ ಹಾಕಿದರೆ ಅದೇ ಪ್ರಾಣಕ್ಕೆ ಎರವಾಗಬಹುದು. ರೋಗ ಹೊಕ್ಕ ಕೋಳಿಯನ್ನು ಯಾವ ಲಸಿಕೆಯೂ ಉಳಿಸುವುದಿಲ್ಲ. ಇದರಲ್ಲಿ ಹಿತ್ತಲ ಕೋಳಿಯವರಿಗೆ ಇರುವ ನಿಜವಾದ ಅಡಚಣೆ ಬೇರೆ: ಒಂದು ಶೀಷೆಯಲ್ಲಿ ನೂರು ಅಥವಾ ಅದಕ್ಕೂ ಹೆಚ್ಚು ಕೋಳಿಗಳಿಗಾಗುವಷ್ಟು ಲಸಿಕೆ ಇರುತ್ತದೆ, ಅದನ್ನು 2ರಿಂದ 8 ಡಿಗ್ರಿ ತಂಪಿನಲ್ಲೇ ತರಬೇಕು, ಕಲಸಿದ ಮೇಲೆ ಒಂದೆರಡು ಗಂಟೆಗಳೊಳಗೆ ಮುಗಿಸಬೇಕು. ಎಂಟು ಹೇಂಟೆ ಇರುವ ಮನೆಗೆ ಇದು ಒಂಟಿಯಾಗಿ ಆಗದ ಕೆಲಸ, ಆದರೆ ಒಂದು ಬೀದಿಯ ಮನೆಗಳು ಸೇರಿದರೆ ಸುಲಭ. ಅದನ್ನು ಹೊಸತೊಡಕಿಗೆ ಒಂದು ತಿಂಗಳು ಮೊದಲೇ ಗೊತ್ತುಮಾಡಿಕೊಂಡು, ಪಶು ಆಸ್ಪತ್ರೆಯವರಿಗೆ ಕೋಳಿಗಳ ಒಟ್ಟು ಸಂಖ್ಯೆ ತಿಳಿಸಿರಬೇಕು. ಬಯಲಿಗೆ ಬಿಟ್ಟ ನಾಟಿ ಕೋಳಿಯನ್ನು ಹಗಲಿನಲ್ಲಿ ಹಿಡಿಯಲಾಗದ್ದರಿಂದ, ಲಸಿಕೆಯವರು ಬರುವ ದಿನ ಗೂಡಿನ ಬಾಗಿಲನ್ನು ಅವರು ಬರುವವರೆಗೂ ತೆಗೆಯಬಾರದು.